ಮೇ ತಿಂಗಳ ಗುರುತುಗಳು: ಮಾತೆಗೆ ಹೂವು, ಇಸಿದೋರರ ಬಾವಿ, ಪತ್ತನಾಜೆಯ ಹನಿ



ಮೇ ತಿಂಗಳೆಂದರೆ ನಮ್ಮ ಇಗರ್ಜಿಗಳಲ್ಲಿ ಮಾತೆ ಮರಿಯಮ್ಮನವರ ತಿಂಗಳು. ಸಂಜೆಯ ಜಪಸರ, ಪೀಠದ ಮೇಲೆ ಹೂವು, ಮಕ್ಕಳಿಗೆ ರಜೆ, ದೊಡ್ಡವರಿಗೆ ಒಂದರ ಮೇಲೊಂದು ಮದುವೆ ಊಟ. ಆದರೆ ತೋಟ ಇಟ್ಟುಕೊಂಡವರ ಮನಸ್ಸಿನಲ್ಲಿ ಈ ತಿಂಗಳಿಡೀ ಎರಡು ಪ್ರಶ್ನೆಗಳು ತಿರುಗುತ್ತಿರುತ್ತವೆ. ಬಾವಿಯ ನೀರು ಮಳೆ ಬರುವ ತನಕ ಸಾಕಾದೀತೇ? ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಟ್ಟು ಮುಗಿದೀತೇ?

ಈ ಒಂದು ತಿಂಗಳಿಗೆ ಎಷ್ಟೊಂದು ಸಂತರು, ಹೂವುಗಳು, ಗಾದೆಗಳು, ನಂಬಿಕೆಗಳು ಅಂಟಿಕೊಂಡಿವೆ ನೋಡಿ. ಕೆಲವು ರೋಮಿನಿಂದ ಬಂದವು, ಕೆಲವು ಯುರೋಪಿನ ಚಳಿ ಹಳ್ಳಿಗಳಿಂದ, ಕೆಲವು ನಮ್ಮ ತುಳುನಾಡಿನ ಮಣ್ಣಿನಲ್ಲೇ ಹುಟ್ಟಿದವು. ಇವನ್ನು ಬರಿಯ ತಮಾಷೆಯ ಸಂಗತಿಗಳೆಂದು ಓದಿ ಬಿಡಬಹುದು. ಆದರೆ ಸ್ವಲ್ಪ ಕೆದಕಿದರೆ ಹೆಚ್ಚಿನವುಗಳ ಹಿಂದೆ ಆ ತಿಂಗಳಲ್ಲಿ ಮಾಡಿ ಮುಗಿಸಬೇಕಾದ ಒಂದು ಕೆಲಸ, ಇಲ್ಲವೇ ಕಾದು ಕುಳಿತ ಒಂದು ಅಪಾಯ ಕಾಣಸಿಗುತ್ತದೆ. ಉಳಿಸಿಕೊಳ್ಳಬೇಕಾದವು ಯಾವುವು, ಬಿಟ್ಟುಬಿಡಬೇಕಾದವು ಯಾವುವು ಎಂದು ನೋಡೋಣ.

ಹೆಸರು, ಹರಳು, ಹೂವು

ಮೇ ಎಂಬ ಹೆಸರು ರೋಮನರ ಮಾಯಾ ಎಂಬ ದೇವತೆಯಿಂದ ಬಂದದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಬೆಳೆ ಬೆಳೆಯಿಸುವ ದೇವತೆ ಆಕೆ. ಅದೇ ರೋಮನರು ಈ ತಿಂಗಳಲ್ಲಿ ಸತ್ತವರ ಆತ್ಮಗಳನ್ನು ಸಮಾಧಾನಪಡಿಸುವ ಆಚರಣೆ ಇದ್ದುದರಿಂದ ಮೇಯಲ್ಲಿ ಮದುವೆಯಾಗುವುದು ಅಪಶಕುನವೆಂದು ನಂಬಿದ್ದರು. ಆ ನಂಬಿಕೆ ಇಂಗ್ಲೆಂಡಿನವರೆಗೂ ಹೋಯಿತು. ನಮ್ಮಲ್ಲಿ ನೋಡಿದರೆ, ತಪಸ್ಸುಕಾಲ ಮುಗಿದು ಪಾಸ್ಕಹಬ್ಬ ಆದ ಕೂಡಲೇ ಮದುವೆಗಳ ಸಾಲು. ಒಂದೇ ತಿಂಗಳು ಒಂದೂರಿಗೆ ಅಪಶಕುನ, ಇನ್ನೊಂದೂರಿಗೆ ಶುಭ!

ಮೇಯಲ್ಲಿ ಹುಟ್ಟಿದವರಿಗೆ ಪಚ್ಚೆ ಹರಳು ಎನ್ನುತ್ತಾರೆ. ಹರಳಿನ ನಂಬಿಕೆ ಹಳೆಯದಾದರೂ, ಈಗ ಅಂಗಡಿಗಳಲ್ಲಿ ತೋರಿಸುವ ತಿಂಗಳಿಗೊಂದು ಹರಳಿನ ಪಟ್ಟಿಯನ್ನು ನಿಗದಿ ಮಾಡಿದ್ದು 1912ರಲ್ಲಿ, ಅಮೆರಿಕದ ಒಡವೆ ವರ್ತಕರ ಸಂಘ. ಇಷ್ಟು ತಿಳಿದರೆ ಸಾಕು, ಹಣ ಉಳಿಯಿತು. ಮಕ್ಕಳಿಗೆ ಕೇಳಲು ಒಂದು ಒಗಟು ಬೇಕಿದ್ದರೆ ಇದನ್ನು ಕೇಳಿ: ಮೇ 1 ಯಾವ ವಾರ ಬರುತ್ತದೋ ಆ ವಾರದಲ್ಲಿ ಅದೇ ವರ್ಷದ ಬೇರೆ ಯಾವ ತಿಂಗಳು ಆರಂಭವಾಗುತ್ತದೆ? ಯಾವುದೂ ಇಲ್ಲ. ಮರುವರ್ಷದ ಜನವರಿ ಮಾತ್ರ ಅದೇ ವಾರ ಆರಂಭವಾಗುತ್ತದೆ.

ಮೇ ತಿಂಗಳನ್ನು ಮರಿಯಮ್ಮನವರಿಗೆ ಮೀಸಲಿಡುವ ಭಕ್ತಿ ಈಗಿನ ರೂಪದಲ್ಲಿ ಹರಡಿದ್ದು ಹದಿನೆಂಟನೇ ಶತಮಾನದ ಇಟಲಿಯಲ್ಲಿ, ಯೇಸುಸಭೆಯ ಗುರುಗಳಿಂದ. ಜಗದ್ಗುರು ಆರನೇ ಪೌಲರು 1965ರ ಏಪ್ರಿಲ್ 29ರಂದು ಈ ತಿಂಗಳ ಪ್ರಾರ್ಥನೆಯ ಬಗ್ಗೆಯೇ ಒಂದು ವಿಶ್ವಪತ್ರ ಬರೆದರು. ಯುರೋಪಿನಲ್ಲಿ ಮೇ ಎಂದರೆ ಚಳಿ ಹೋಗಿ ಹೊಲವೆಲ್ಲ ಹೂ ತುಂಬುವ ಕಾಲ. ಹಾಗಾಗಿ ಮಾತೆಯ ಪೀಠಕ್ಕೆ ಹೂವು. ಅಲ್ಲಿನ ಮೇ ಹೂವು ಗಂಟೆಯಾಕಾರದ ಬಿಳಿ ಹೂಗಳ ಒಂದು ಸಣ್ಣ ಗಿಡ. ಶಿಲುಬೆಯ ಬುಡದಲ್ಲಿ ಬಿದ್ದ ಮರಿಯಮ್ಮನವರ ಕಣ್ಣೀರು ಅದಾಯಿತು ಎಂಬ ಕಥೆಯಿದೆ. ನಮ್ಮ ಕರಾವಳಿಯ ಸೆಕೆಗೆ ಅದು ಬಾಳದು. ನಮ್ಮದೇ ಹೂವಿನ ಹಬ್ಬ ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಹೊಸ ಭತ್ತದ ತೆನೆಯೂ, ಗುಡ್ಡದ ಹೂವೂ ಆಗ ಸಿಗುತ್ತವೆ. ಮೇಯಲ್ಲಿ ನಮಗೆ ಸಿಗುವುದು ಮಲ್ಲಿಗೆ, ದಾಸವಾಳ, ಮತ್ತು ಜನ 'ಮೇ ಫ್ಲವರ್' ಎಂದು ಕರೆಯುವ ಎರಡು.

ಒಂದು, ರಸ್ತೆ ಬದಿಯಲ್ಲಿ ಕೆಂಪಗೆ ಉರಿಯುವ ಗುಲ್‌ಮೊಹರ್ ಮರ. ಇದರ ತವರು ಮಡಗಾಸ್ಕರ್. ನೋಡಲು ಚೆಂದ, ಆದರೆ ಕೊಂಬೆ ಬಲು ಪೆಳಸು, ಬೇರು ಮೇಲೆ ಮೇಲೆ. ಹೂ ತುಂಬಿದ ಹೊತ್ತಿಗೇ ಮೇ ತಿಂಗಳ ಗಾಳಿಮಳೆ ಬರುತ್ತದೆ. ಮನೆ, ಹಟ್ಟಿ, ವಿದ್ಯುತ್ ತಂತಿಯ ಪಕ್ಕ ಇದ್ದರೆ ತಿಂಗಳ ಮೊದಲಲ್ಲೇ ಕೊಂಬೆ ಇಳಿಸಿಬಿಡಿ. ಗಾಳಿ ಬೀಸುವಾಗ ಅದರಡಿ ಬೈಕು ನಿಲ್ಲಿಸಬೇಡಿ. ಇನ್ನೊಂದು, ಮೊದಲ ಮಳೆಹನಿಗೆ ನೆಲದೊಳಗಿನ ಗೆಡ್ಡೆಯಿಂದ ಎದ್ದು ಚೆಂಡಿನಂತೆ ಕೆಂಪಗೆ ಅರಳುವ ಹೂವು. ಇದು ಆಫ್ರಿಕದಿಂದ ಬಂದದ್ದು. ಇದರ ಗೆಡ್ಡೆ ಈರುಳ್ಳಿಯಂತೆ ಕಂಡರೂ ವಿಷ. ಮಳೆಗಾಲಕ್ಕೆ ಶುಂಠಿ, ಅರಸಿನ, ಗೆಣಸು ನೆಡುವ ಸಂಭ್ರಮದಲ್ಲಿ ಅಂಗಳ ಅಗೆಯುವಾಗ ಈ ಗೆಡ್ಡೆಯನ್ನು ಮಕ್ಕಳ ಕೈಗೂ ದನದ ಬಾಯಿಗೂ ಸಿಗದಂತೆ ಬೇರೆ ಇಡಿ.

ನೇಗಿಲು ಹಿಡಿದ ಸಂತ

ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಜಗದ್ಗುರು ಹನ್ನೆರಡನೇ ಪಿಯುಸರು 1955ರಲ್ಲಿ ಸಾರಿದರು. ಇದು ಎಲ್ಲರಿಗೂ ಗೊತ್ತು. ಮೇ 15 ಯಾರ ಹಬ್ಬವೆಂದು ಕೇಳಿದರೆ ಮಾತ್ರ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಅದು ರೈತರ ಪಾಲಕ ಸಂತ ಇಸಿದೋರರ ದಿನ. ಏಪ್ರಿಲ್ 4ರಂದು ಹಬ್ಬವಿರುವ ಸೆವಿಲ್ಲೆಯ ಬಿಷಪ್ ಇಸಿದೋರರು ಬೇರೆ, ಇವರು ಬೇರೆ. ಇವರು ಬಿಷಪರೂ ಅಲ್ಲ, ಗುರುವೂ ಅಲ್ಲ, ಸ್ವಂತ ಜಮೀನಿದ್ದ ಒಡೆಯರೂ ಅಲ್ಲ. ಸ್ಪೇನಿನ ಮಾದ್ರಿದ್‌ನಲ್ಲಿ ಧಣಿಯೊಬ್ಬನ ಹೊಲ ಉಳುತ್ತಿದ್ದ ಕೂಲಿಯಾಳು, ಮದುವೆಯಾಗಿ ಮಗನಿದ್ದ ಸಂಸಾರಿ. ತೀರಿಕೊಂಡದ್ದು 1130ರ ಮೇ 15ರಂದು ಎಂದು ಪರಂಪರೆ ಹೇಳುತ್ತದೆ. ಸಂತ ಪದವಿ ಸಿಕ್ಕಿದ್ದು 1622ರ ಮಾರ್ಚ್ 12ರಂದು. ಆ ದಿನ ಅವರ ಜತೆ ಸಂತರೆಂದು ಸಾರಲ್ಪಟ್ಟವರು ಯಾರೆಂದರೆ ಇಗ್ನೇಷಿಯಸ್ ಲೊಯೋಲ, ಫ್ರಾನ್ಸಿಸ್ ಕ್ಸೇವಿಯರ್, ಆವಿಲಾದ ತೆರೇಜಾ, ಫಿಲಿಪ್ ನೇರಿ. ಅಂಥ ಮಹಾಪಂಡಿತರ ಸಾಲಿನಲ್ಲಿ ನಮ್ಮ ಈ ನೇಗಿಲಯೋಗಿ!

ಇಸಿದೋರರ ಚಿತ್ರಗಳಲ್ಲಿ ಮೂರು ಗುರುತುಗಳಿರುತ್ತವೆ: ನೇಗಿಲು ಹೂಡಿದ ಎತ್ತುಗಳು, ನೀರಿನ ಒರತೆ, ಬಾವಿ. ಎತ್ತುಗಳ ಕಥೆ ಹೀಗಿದೆ. ಬೆಳಿಗ್ಗೆ ಪೂಜೆಗೆ ಹೋಗಿ ಕೆಲಸಕ್ಕೆ ತಡವಾಗಿ ಬರುತ್ತಾನೆಂದು ಜತೆಯ ಆಳುಗಳು ಧಣಿಗೆ ಚಾಡಿ ಹೇಳಿದರು. ಧಣಿ ಅಡಗಿ ನೋಡಿದಾಗ ಇಸಿದೋರರ ಪಕ್ಕದಲ್ಲಿ ದೇವದೂತರು ಬಿಳಿ ಎತ್ತು ಹೂಡಿ ಉಳುತ್ತಿದ್ದರಂತೆ. ಒರತೆಯ ಕಥೆ ನಮಗೆ ಇನ್ನೂ ಹತ್ತಿರ. ಬೇಸಿಗೆಯಲ್ಲಿ ಬಾಯಾರಿದ ಧಣಿಗಾಗಿ ಇಸಿದೋರರು ತಮ್ಮ ಕೋಲಿನಿಂದ ಬಂಡೆಯನ್ನು ಕುಟ್ಟಿದಾಗ ನೀರು ಚಿಮ್ಮಿತಂತೆ.

ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು, ಹಾರೆ ಪಿಕ್ಕಾಸಿನಿಂದ ಕುಟ್ಟಿ ಕುಟ್ಟಿ ನೀರು ತರಿಸಿದ ಕಾಸರಗೋಡಿನ ಜನಕ್ಕೆ ಈ ಕಥೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಮನುಷ್ಯ ಹೋಗುವಷ್ಟೇ ಅಗಲದ ಮಾಟೆಯಲ್ಲಿ ಮೇಣದಬತ್ತಿ ಇಟ್ಟುಕೊಂಡು ಕೊರೆಯುತ್ತಿದ್ದರು. ಬತ್ತಿ ನಂದಿದರೆ ಉಸಿರಾಡುವ ಗಾಳಿ ಸಾಲದೆಂದು ಅರ್ಥ, ಹೊರಗೆ ಬರಬೇಕು, ಮೇಲಿನಿಂದ ಗಾಳಿಕಂಡಿ ತೋಡಬೇಕು. ಕರೆಂಟೂ ಇಲ್ಲ, ಪಂಪೂ ಇಲ್ಲ, ನೀರು ತಾನಾಗಿ ಹರಿದು ಕೆರೆಗೆ ಬೀಳುತ್ತದೆ. ಸುರಂಗಕ್ಕೆ ಜೀವ ಇದೆಯೋ ಇಲ್ಲವೋ ಎಂದು ಪರೀಕ್ಷೆಯಾಗುವುದು ಮೇ ತಿಂಗಳಲ್ಲೇ. ಗುಡ್ಡದ ಮೇಲೆ ಮರ ಹೋಗಿ, ಕೆಳಗೆ ಕೊಳವೆಬಾವಿಗಳು ಹೆಚ್ಚಿದ ಕಡೆ ಸುರಂಗದ ನೂಲು ತೆಳ್ಳಗಾಗುತ್ತದೆ. ಇರುವ ಸುರಂಗವನ್ನು ಬಿಟ್ಟು ಕೊಳವೆಬಾವಿ ತೋಡುವ ಮುನ್ನ ಗುಡ್ಡದ ಮೇಲೆ ಇಂಗುಗುಂಡಿ ಮಾಡಿ ಎರಡು ಮಳೆಗಾಲ ಕಾದು ನೋಡುವುದು ಜಾಣತನವೆಂದು ನನಗೆ ಅನಿಸುತ್ತದೆ. ಆ ಗುಂಡಿ ತೋಡಲೂ ಮೇ ತಿಂಗಳೇ ಸರಿ.

ಮೂರನೇ ಗುರುತು ಬಾವಿ. ಇಸಿದೋರರ ಮಗು ಬಾವಿಗೆ ಬಿತ್ತು, ಗಂಡಹೆಂಡತಿ ಪ್ರಾರ್ಥಿಸಿದಾಗ ನೀರು ಮೇಲೆದ್ದು ಮಗುವನ್ನು ಕಟ್ಟೆಯ ತನಕ ತಂದಿತು ಎಂಬುದು ಕಥೆ. ಅವರದೆಂದು ಹೇಳುವ ಬಾವಿಯನ್ನು ಮಾದ್ರಿದ್‌ನಲ್ಲಿ ಇಂದಿಗೂ ತೋರಿಸುತ್ತಾರೆ. ಬಾವಿಯ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮೂರುಗಳಲ್ಲಿ ಬಾವಿ ಕೆಸರು ತೆಗೆಯುವುದು ನೀರು ತಳಕ್ಕಿಳಿದ ಈ ತಿಂಗಳಲ್ಲಿ. ಬಾವಿಗಿಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಬರುವುದೂ ಹೀಗೆ ಇಳಿಯುವ ಕಾಲದಲ್ಲೇ. ಆಳದ ಬಾವಿಯ ತಳದಲ್ಲಿ ಆಮ್ಲಜನಕ ಕಡಿಮೆಯಿರುವ ಗಾಳಿ ಕೂತಿರುತ್ತದೆ. ಇಳಿದವನಿಗೆ ಉಬ್ಬಸ ಬರುವುದಿಲ್ಲ, ಕೂಗಲು ಸಮಯವೂ ಇರುವುದಿಲ್ಲ; ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನ ಹಿಂದೆ ನೆರೆಯವನು. ಹೀಗೆ ಒಂದೇ ಬಾವಿಯಲ್ಲಿ ಎರಡು ಮೂರು ಹೆಣ.

ಉರಿಯುವ ದೀಪವನ್ನು ಬಕೆಟಿನಲ್ಲಿಟ್ಟು ಇಳಿಸಿ ನೋಡುವ ಹಿರಿಯರ ಕ್ರಮ ಒಳ್ಳೆಯದು. ದೀಪ ನಂದಿದರೆ ಯಾರೂ ಇಳಿಯಕೂಡದು. ಆದರೆ ದೀಪ ಉರಿಯಿತೆಂದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಬಾವಿಯೊಳಗೆ ಪೆಟ್ರೋಲ್ ಅಥವಾ ಡೀಸೆಲ್ ಪಂಪ್ ಇಳಿಸಿ ಓಡಿಸಿದರೆ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ವಾಸನೆಯಿಲ್ಲ, ದೀಪವೂ ನಂದುವುದಿಲ್ಲ, ಮನುಷ್ಯ ಸಾಯುತ್ತಾನೆ. ಆದ್ದರಿಂದ ಇಂಜಿನ್ ಪಂಪನ್ನು ಬಾವಿಯೊಳಗೆ ಯಾವತ್ತೂ ಇಳಿಸಬೇಡಿ. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿರಲಿ, ಮೇಲೆ ಎಳೆಯಬಲ್ಲ ಇಬ್ಬರು ಇರಲಿ. ಒಳಗಿನವನು ಕುಸಿದರೆ ಹಗ್ಗದಿಂದಲೇ ಎಳೆಯಿರಿ, ಅಗ್ನಿಶಾಮಕ ದಳಕ್ಕೆ 101ಕ್ಕೆ ಕರೆ ಮಾಡಿ. ಹಿಂದೆ ಇಳಿಯುವುದು ಧೈರ್ಯವಲ್ಲ.

ಮೊದಲ ಎರಡು ದೊಡ್ಡ ಮಳೆಗೆ ಗುಡ್ಡದ ಕೊಳೆಯೆಲ್ಲ ಬಾವಿಗಿಳಿಯುತ್ತದೆ. ಆಗ ಬ್ಲೀಚಿಂಗ್ ಪೌಡರ್ ಹಾಕಬೇಕು. ಲೆಕ್ಕ ಸುಲಭ: ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ಉರುಟು ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ ಸುಮಾರು 6,300 ಲೀಟರ್. ಅದಕ್ಕೆ 16 ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಇನ್ನೊಂದು ಕೊಡಕ್ಕೆ ಹಾಕಿ, ಕೊಡವನ್ನು ನೀರಿನೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಿ. ಕನಿಷ್ಠ ಒಂದು ಗಂಟೆ ಬಿಟ್ಟು ಬಳಸಿ. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಇನ್ನೂ ಅನುಕೂಲ.

ಮದುವೆ ಮನೆಯವರಿಗೂ ಇದೇ ಮಾತು. ಬಾಗಿಲಲ್ಲಿ ಕೊಡುವ ತಣ್ಣಗಿನ ಶರಬತ್ತಿನ ನೀರು, ಮಂಜುಗಡ್ಡೆ ಎಲ್ಲಿಂದ ಬಂತೆಂದು ವಿಚಾರಿಸಿ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಹರಡುವುದು ಕೊಳಕು ನೀರಿನಿಂದ. ಕುಡಿದು ಮೂರು ನಾಲ್ಕು ವಾರವಾದ ಮೇಲೆ ಕಣ್ಣು ಹಳದಿಯಾಗುವಾಗ ಮದುವೆ ಊಟ ಯಾರಿಗೂ ನೆನಪಿರುವುದಿಲ್ಲ. 2024ರ ಬೇಸಿಗೆಯಲ್ಲಿ ಎರ್ನಾಕುಲಂ ಜಿಲ್ಲೆಯ ವೇಂಗೂರಿನಲ್ಲಿ ಹೀಗೆಯೇ ಕಾಮಾಲೆ ನೀರಿನ ಮೂಲಕ ಹಬ್ಬಿತ್ತು. ನೆಲನೆಲ್ಲಿ ಮದ್ದಿಗೆ ಕಾಮಾಲೆ ಗುಣವಾಯಿತೆಂದು ಹಲವರು ಹೇಳುತ್ತಾರೆ. ಈ ಬಗೆಯ ಕಾಮಾಲೆ ಬಹುಮಂದಿಗೆ ತಾನಾಗಿಯೇ ಇಳಿಯುತ್ತದೆ, ಹೆಸರು ಮದ್ದಿಗೆ. ಆದರೆ ರೋಗಿಗೆ ಮಂಪರು, ಗಲಿಬಿಲಿ, ನಿಲ್ಲದ ವಾಂತಿ, ರಕ್ತ ಒಸರುವುದು ಕಂಡರೆ ಹಳ್ಳಿಮದ್ದು ಹುಡುಕುತ್ತಾ ಒಂದು ದಿನವನ್ನೂ ಕಳೆಯಬೇಡಿ.

ಹಿಮದ ಸಂತರು, ಕೃತ್ತಿಕೆಯ ಮಳೆ

ಯುರೋಪಿನ ರೈತರು ಮೇ ತಿಂಗಳ ಮೂವರು ಸಂತರಿಗೆ ಹೆದರುತ್ತಿದ್ದರು. ಮೇ 11ರ ಮಮೆರ್ತುಸ್, 12ರ ಪಾಂಕ್ರಾಸ್, 13ರ ಸೆರ್ವಾಸಿಯುಸ್. ಇವರನ್ನು ಹಿಮದ ಸಂತರೆನ್ನುತ್ತಾರೆ. ಚಳಿಗಾಲ ಹೋಯಿತೆಂದು ಆತುರಪಟ್ಟು ಎಳೆ ಸಸಿ ನೆಟ್ಟರೆ ಈ ದಿನಗಳಲ್ಲಿ ಒಂದು ಕೊನೆಯ ಹಿಮ ಬಿದ್ದು ಸುಟ್ಟುಹಾಕುತ್ತದೆ ಎಂಬ ನಂಬಿಕೆ. ಈ ಮಮೆರ್ತುಸರು ಈಗಿನ ಫ್ರಾನ್ಸಿನ ವಿಯೆನ್ ಎಂಬಲ್ಲಿ ಬಿಷಪರಾಗಿದ್ದವರು. ಸುಮಾರು 470ರಲ್ಲಿ ಅಲ್ಲಿ ಕಷ್ಟಗಳ ಮೇಲೆ ಕಷ್ಟ ಬಂದಾಗ ಪ್ರಭುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಮೊದಲ ಮೂರು ದಿನ ಉಪವಾಸ, ಪ್ರಾರ್ಥನೆ, ಮೆರವಣಿಗೆಗಳನ್ನು ಆರಂಭಿಸಿದರು. ಕಾಲಕ್ರಮದಲ್ಲಿ ಅದು ಹೊಲಗಳ ಸುತ್ತ ನಡೆದು ಬೆಳೆಯನ್ನು ಆಶೀರ್ವದಿಸುವ ಕ್ರಮವಾಗಿ ಇಡೀ ಪಶ್ಚಿಮದ ಧರ್ಮಸಭೆಗೆ ಹರಡಿತು. 1969ರ ಪಂಚಾಂಗ ಸುಧಾರಣೆಯ ನಂತರ ಈ ದಿನಗಳನ್ನು ಯಾವಾಗ, ಹೇಗೆ ಆಚರಿಸಬೇಕೆಂಬುದನ್ನು ಆಯಾ ದೇಶದ ಬಿಷಪರಿಗೆ ಬಿಡಲಾಗಿದೆ.

ಸೋಜಿಗವೆಂದರೆ, ಅದೇ ಮೇ 11ರ ಸುಮಾರಿಗೆ ನಮ್ಮ ಪಂಚಾಂಗದಲ್ಲಿ ಸೂರ್ಯ ಕೃತ್ತಿಕಾ ನಕ್ಷತ್ರಕ್ಕೆ ಬರುತ್ತಾನೆ. ಅಲ್ಲಿ ಹಿಮಕ್ಕೆ ಕಾಯುವ ದಿನ, ಇಲ್ಲಿ ಕೃತ್ತಿಕೆ ಮಳೆಗೆ ಕಾಯುವ ದಿನ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರಾ. ನಮ್ಮ ಮಲಯಾಳಿ ನೆರೆಯವರು ಇದನ್ನೇ ಞಾಟ್ಟುವೇಲ ಎನ್ನುತ್ತಾರೆ. ವರ್ಷವನ್ನು ಇಪ್ಪತ್ತೇಳು ಭಾಗ ಮಾಡಿ, ಪ್ರತಿ ಹದಿಮೂರು ಹದಿನಾಲ್ಕು ದಿನಕ್ಕೆ ಒಂದು ಮಳೆ ಹೆಸರಿಟ್ಟ ಈ ಕ್ರಮ ಹಳೆಯ ರೈತನ ಡೈರಿ ಇದ್ದಂತೆ. ಆದರೆ ಗಾದೆಗಳನ್ನು ಊರು ನೋಡಿ ಕೇಳಬೇಕು. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎಂಬುದು ಬಯಲುಸೀಮೆಯ ಜೋಳದವರ ಗಾದೆ. ನಮ್ಮ ಅಡಿಕೆ ತೋಟಕ್ಕೆ ಅದೇ ರೋಹಿಣಿ ಎಡೆಬಿಡದೆ ಹೊಡೆದರೆ ಓಣಿಯೆಲ್ಲ ಉದುರಿದ ನಳ್ಳಿಯೇ!

ತುಳುನಾಡಿನ ದೊಡ್ಡ ಗುರುತು ಪತ್ತನಾಜೆ. ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24 ಅಥವಾ 25. ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಹತ್ತು ಹನಿಯಾದರೂ ಮಳೆ ಬೀಳಬೇಕೆಂಬ ನಂಬಿಕೆ. ನಮ್ಮ ಧರ್ಮ ಬೇರೆಯಾದರೂ ಗದ್ದೆ ಒಂದೇ ಆದುದರಿಂದ ನಮ್ಮ ಹಿರಿಯರೂ ಇದೇ ಲೆಕ್ಕದಲ್ಲಿ ಕಟ್ಟಿಗೆ ಒಳಗೆ ಹಾಕುತ್ತಿದ್ದರು, ಮಾಡು ಸರಿಮಾಡುತ್ತಿದ್ದರು, ತೋಡಿನ ಕಸ ತೆಗೆಯುತ್ತಿದ್ದರು. ಆಟ ಮುಗಿಯಿತು, ಇನ್ನು ಗದ್ದೆಗೆ ಇಳಿ ಎಂದು ಊರಿಗೆ ಊರೇ ಒಪ್ಪಿಕೊಂಡ ಗಡುವು ಅದು.

ಮೇ 24ಕ್ಕೆ ಇನ್ನೂ ಕೆಲವು ನೆನಪುಗಳಿವೆ. ಅದು ಕ್ರೈಸ್ತರ ಸಹಾಯಮಾತೆಯ ಹಬ್ಬ. ಜಗದ್ಗುರು ಏಳನೇ ಪಿಯುಸರು 1815ರಲ್ಲಿ ಸ್ಥಾಪಿಸಿದ್ದು. 1984ರ ಮೇ 24ರಂದು ನಮ್ಮ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಮಣ್ಣು ನೀರು ಗಾಳಿಯ ರಕ್ಷಣೆಯ ಬಗ್ಗೆ ಜಗದ್ಗುರು ಫ್ರಾನ್ಸಿಸರು ಬರೆದ 'ಲೌದಾತೊ ಸೀ' ವಿಶ್ವಪತ್ರಕ್ಕೆ ಸಹಿಬಿದ್ದದ್ದು 2015ರ ಮೇ 24ರಂದು. ಮತ್ತು 2025ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 24ರಂದೇ. ವಾಡಿಕೆಯ ದಿನ ಜೂನ್ 1. ಎಂಟು ದಿನ ಮೊದಲೇ ಬಂತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ.

ಹಾಗಾದರೆ ಪತ್ತನಾಜೆ ಸುಳ್ಳಾಗುವುದಿಲ್ಲ ಎನ್ನೋಣವೇ? 2023ರಲ್ಲಿ ಮುಂಗಾರು ಬಂದದ್ದು ಜೂನ್ 8ಕ್ಕೆ. ಹವಾಮಾನ ಇಲಾಖೆಯ ದಾಖಲೆಯಲ್ಲಿ ಅತಿ ಬೇಗನೆಂದರೆ 1918ರ ಮೇ 11, ಅತಿ ತಡವೆಂದರೆ 1972ರ ಜೂನ್ 18. ಒಂದು ತಿಂಗಳಿಗೂ ಮೀರಿದ ಅಂತರ. ಅದಲ್ಲದೆ ನಕ್ಷತ್ರದ ಲೆಕ್ಕ ಋತುವಿಗಿಂತ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಏಳುನೂರು ವರ್ಷದ ಹಿಂದಿನ ಕೃತ್ತಿಕೆ ಋತುಮಾನದಲ್ಲಿ ಈಗಿನದಕ್ಕಿಂತ ಹತ್ತು ದಿನ ಮೊದಲು ಬರುತ್ತಿತ್ತು. ಪತ್ತನಾಜೆ ಮಳೆ ಬರುವ ದಿನವನ್ನು ಹೇಳುವುದಿಲ್ಲ. ಮಳೆ ಬಂದರೂ ತಡೆಯಬಲ್ಲಂತೆ ನಾವು ಸಿದ್ಧರಿರಬೇಕಾದ ದಿನವನ್ನು ಹೇಳುತ್ತದೆ.

ಮಳೆ ಬಂತೆಂದು ದೆಹಲಿಯವರು ಹೇಗೆ ಸಾರುತ್ತಾರೆ ಗೊತ್ತೇ? ಮೇ 10ರ ನಂತರ, ಗೊತ್ತುಮಾಡಿದ 14 ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 60ರಷ್ಟು ಕೇಂದ್ರಗಳಲ್ಲಿ ಎರಡು ದಿನ ಸತತವಾಗಿ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಬೀಳಬೇಕು. ಜತೆಗೆ ಗಾಳಿ, ಮೋಡಗಳ ಲೆಕ್ಕವೂ ಹೊಂದಬೇಕು. ಆ ಹದಿನಾಲ್ಕರಲ್ಲಿ ತಿರುವನಂತಪುರ, ಕೊಚ್ಚಿ, ಕಣ್ಣೂರು, ಮಂಗಳೂರುಗಳ ಜತೆ ನಮ್ಮ ಕೂಡ್ಲು ಕೂಡ ಇದೆ. 1916ರಲ್ಲಿ ಮದ್ರಾಸು ಸರಕಾರ ಆರಂಭಿಸಿದ ತೆಂಗು ಸಂಶೋಧನಾ ಕೇಂದ್ರ, ಈಗಿನ ಸಿ.ಪಿ.ಸಿ.ಆರ್.ಐ., ಇರುವ ಅದೇ ಕೂಡ್ಲು. ಇಡೀ ದೇಶ ಕಾಯುವ ಸುದ್ದಿಗೆ ನಮ್ಮೂರಿನ ನಾಲ್ಕು ಹನಿಯೂ ಸಾಕ್ಷಿ!

2005ರಿಂದ ಹವಾಮಾನ ಇಲಾಖೆ ಪ್ರತಿವರ್ಷ ಮೇ ಮಧ್ಯದಲ್ಲಿ ಮುಂಗಾರಿನ ಮುನ್ಸೂಚನೆ ಕೊಡುತ್ತಿದೆ, ನಾಲ್ಕು ದಿನ ಹಿಂದೆ ಮುಂದೆ ಆಗಬಹುದೆಂಬ ಷರತ್ತಿನೊಂದಿಗೆ. 2025ರಲ್ಲಿ ಹೇಳಿದ್ದು ಮೇ 27, ಬಂದದ್ದು 24. ಅಡಿಕೆಯವರು ಇದರ ಮೇಲೆ ಕಣ್ಣಿಡಬೇಕು. ಕೊಳೆರೋಗದ ಬಗ್ಗೆ ಮೈಸೂರು ಸರಕಾರದ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರು 1910ರಲ್ಲೇ ಬರೆದು ಬೋರ್ಡೋ ದ್ರಾವಣದ ದಾರಿ ತೋರಿಸಿದರು. ನೂರು ವರ್ಷ ದಾಟಿದರೂ ಇವತ್ತಿಗೂ ನಮ್ಮ ಮುಖ್ಯ ಆಯುಧ ಅದೇ. ಅದು ರೋಗ ಬಂದ ಮೇಲೆ ಗುಣಪಡಿಸುವ ಮದ್ದಲ್ಲ, ಬಾರದಂತೆ ಹೊದಿಸುವ ಚಾದರ. ಮಳೆ ಹಿಡಿಯುವ ಮೊದಲು ಗೊನೆಯ ಮೇಲೆ ಒಣಗಿ ಕೂತಿರಬೇಕು. ಆದ್ದರಿಂದ ಜೂನ್ ಮೊದಲ ವಾರ ನೋಡೋಣ ಎಂಬ ಹಳೆಯ ಲೆಕ್ಕ ಬಿಟ್ಟು, ಮುನ್ಸೂಚನೆಯ ದಿನಕ್ಕಿಂತ ಒಂದು ವಾರ ಮೊದಲೇ ಆರಂಭಿಸಿ. ಮರ ಹತ್ತುವವರು ಎಲ್ಲರಿಗೂ ಒಂದೇ ವಾರದಲ್ಲಿ ಬೇಕಾಗುತ್ತಾರೆ; ನೆರೆಯ ನಾಲ್ಕು ಮನೆಯವರು ಸೇರಿ ಮೇ ಮೊದಲಲ್ಲೇ ದಿನ ಹಂಚಿಕೊಳ್ಳುವುದು ಲೇಸು.

ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಒಳ್ಳೆಯ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡಿ. ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಅಂದೇ ತಯಾರಿಸಿ ಅಂದೇ ಮುಗಿಸಿ. 40-45 ದಿನಕ್ಕೆ ಎರಡನೇ ಸಲ. ಕಣ್ಣಿಗೆ ಕನ್ನಡಕ ಇರಲಿ, ಮದ್ದಿನ ಕೊಡಪಾನವನ್ನು ಕೆರೆಯಲ್ಲಿ ತೊಳೆಯಬೇಡಿ, ಮದ್ದು ಬಿದ್ದ ಹುಲ್ಲನ್ನು ಆಡು ದನಗಳಿಗೆ ಹಾಕಬೇಡಿ. ಈಗ ನೆಲದಲ್ಲೇ ನಿಂತು ದೋಟಿಯಿಂದ ಮದ್ದು ಬಿಡುವವರಿದ್ದಾರೆ. ನೆನಪಿಡಿ, ಅಲ್ಯುಮಿನಿಯಂ ಮಾತ್ರವಲ್ಲ, ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ತಂತಿ ಹಾದುಹೋಗುವ ಸಾಲಿನಲ್ಲಿ ಅದನ್ನು ಎತ್ತಲೇಬೇಡಿ.

ಸಿಡಿಲು ಮತ್ತು ಕಲ್ಲಣಬೆ

ಕೇರಳದಲ್ಲಿ ಸಿಡಿಲು ಹೆಚ್ಚು ಬಡಿಯುವುದು ಜೋರು ಮಳೆಗಾಲದಲ್ಲಲ್ಲ, ಅದರ ಮುಂಚಿನ ಏಪ್ರಿಲ್-ಮೇಯಲ್ಲಿ ಮತ್ತು ಹಿಂದಿನ ಅಕ್ಟೋಬರ್-ನವೆಂಬರಿನಲ್ಲಿ, ಅದೂ ಮಧ್ಯಾಹ್ನ ಕಳೆದ ಮೇಲೆ. ಗುಡುಗಿದಾಗ ಹಲವು ಕಥೋಲಿಕ ಮನೆಗಳಲ್ಲಿ ಗರಿಗಳ ಭಾನುವಾರದ ಆಶೀರ್ವದಿಸಿದ ಗರಿಯ ಚೂರನ್ನು ಸುಡುತ್ತಾರೆ, ಸಂತ ಬಾರ್ಬರಾರನ್ನು ಬೇಡುತ್ತಾರೆ. ಮಗಳ ತಲೆ ಕಡಿದ ತಂದೆಗೆ ಸಿಡಿಲು ಬಡಿಯಿತು ಎಂಬ ಕಥೆಯಿಂದ ಆಕೆ ಸಿಡಿಲಿನಿಂದ ಕಾಯುವ ಸಂತಳಾದಳು. ಬೇಡುವುದು ಒಳ್ಳೆಯದೇ; ಆದರೆ ಮನೆಯೊಳಗೆ ಕುಳಿತು ಬೇಡಿ. ಗುಡುಗುವಾಗ ಅಂಗಳಕ್ಕೆ ಕತ್ತಿ ಎಸೆಯುವ ಕ್ರಮವೂ ಕೆಲವೆಡೆ ಇದೆ. ಅಂಗಳದಲ್ಲಿ ಬಿದ್ದ ಕತ್ತಿ ಸಿಡಿಲನ್ನು ತಡೆಯುವುದಿಲ್ಲ, ಎಸೆಯಲು ಹೊರಗೆ ಹೋದವನಿಗೆ ಅಪಾಯ. ಈ ಒಂದು ಪದ್ಧತಿಯನ್ನು ಕೈಬಿಡುವುದೇ ಸರಿ.

ಮಿಂಚಿದ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಮೂವತ್ತರೊಳಗೆ ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಒಳಗೆ ಬನ್ನಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಕಾಲಿಡಬೇಡಿ. ಒಂಟಿ ಮರದಡಿ, ತೆರೆದ ಗದ್ದೆ, ಕೆರೆ ಬೇಡ. ದನ ಬಿಚ್ಚಿ ತರುವ ಕೆಲಸ ಮೋಡ ಕಪ್ಪಾದಾಗಲೇ ಆಗಲಿ. ಸಿಡಿಲು ಬಡಿದವನನ್ನು ಮುಟ್ಟಿದರೆ ನಮಗೂ ಬಡಿಯುತ್ತದೆಂಬ ಹೆದರಿಕೆಯಿಂದ ಎಷ್ಟೋ ಜೀವ ಹೋಗುತ್ತದೆ. ಅವನ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರಿಲ್ಲದಿದ್ದರೆ ಎದೆಯ ನಡುಭಾಗವನ್ನು ಬಲವಾಗಿ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಒತ್ತುತ್ತಾ ಆಸ್ಪತ್ರೆಗೆ ಸಾಗಿಸಿ. ಸಿಡಿಲಿಗೆ ನಿಂತ ಹೃದಯ ಹೀಗೆ ಮತ್ತೆ ಹೊಡೆದುಕೊಂಡದ್ದುಂಟು.

ಮೊದಲ ಗುಡುಗಿಗೆ ಮುರಕಲ್ಲಿನ ಗುಡ್ಡದಲ್ಲಿ ಕಲ್ಲಣಬೆ, ನಮ್ಮ ತುಳುವಿನ ಕಲ್ಲಲಾಂಬು, ಏಳುತ್ತದೆ ಎಂಬ ಮಾತಿದೆ. ಗುಡುಗಿನ ಜತೆ ಬರುವ ಮಳೆಯ ತಂಪೇ ಇದಕ್ಕೆ ಮುಖ್ಯ ಕಾರಣವಿರಬೇಕು. ಆದರೂ ಜಪಾನಿನ ವಿಜ್ಞಾನಿಗಳು ಅಣಬೆ ಬೆಳೆಯುವ ಕೊರಡುಗಳಿಗೆ ಕ್ಷಣಮಾತ್ರ ವಿದ್ಯುತ್ ಕೊಟ್ಟು ನೋಡಿದಾಗ ಇಳುವರಿ ಹೆಚ್ಚಿದ್ದುಂಟು, ಹಾಗಾಗಿ ಅಜ್ಜಿಯಂದಿರನ್ನು ಪೂರ್ತಿ ನಗಾಡುವ ಹಾಗಿಲ್ಲ. ಗೋಲಿಯಂಥ ಈ ಅಣಬೆಯ ಗಸಿ ತಿಂದವರೇ ಬಲ್ಲರು. ಆದರೆ ವಿಷದ ಅಣಬೆಗಳು ಮೊಗ್ಗಾಗಿರುವಾಗ ಇದೇ ಆಕಾರದಲ್ಲಿರುತ್ತವೆ. ತಂದ ಪ್ರತಿಯೊಂದನ್ನೂ ನಡುವೆ ಸೀಳಿ ನೋಡಿ. ಒಳಗೆಲ್ಲ ಒಂದೇ ಸಮನೆ ಗಟ್ಟಿ ಬಿಳಿ ಇರಬೇಕು. ಕೊಡೆಯ ಗೆರೆ ಮೂಡಿದ್ದರೆ, ಕಪ್ಪು ಅಥವಾ ನೇರಳೆ ಇದ್ದರೆ ಎಸೆಯಿರಿ. ಗುರುತು ಗೊತ್ತಿರುವ ಹಿರಿಯರು ನೋಡದೆ ಒಲೆಗೆ ಏರಿಸಬೇಡಿ. ತಿಂದು ಆರು ಗಂಟೆ ಕಳೆದ ಮೇಲೆ ಆರಂಭವಾಗುವ ವಾಂತಿಭೇದಿ ಹೆಚ್ಚು ಕೆಟ್ಟದ್ದು. ಅದು ಒಂದು ದಿನ ಕಡಿಮೆಯಾದಂತೆ ಕಂಡು ಆಮೇಲೆ ಯಕೃತ್ತನ್ನು ಹಿಡಿಯುತ್ತದೆ. ಕಡಿಮೆಯಾಯಿತೆಂದು ಮನೆಯಲ್ಲಿ ಉಳಿಯದೆ, ಅಡುಗೆಮನೆಯಲ್ಲಿ ಉಳಿದ ಅಣಬೆಯ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ.